ಮೆಲ್ಬರ್ನ್ ರೇಸಿಗೆ ಮೇಲಿನ ಹಾಲ್: ಎರಡು ಪರದೆ, ಒಂದು ಪ್ಲೇಟ್ ಸುಸಲಾ

ಮಾರ್ಚ್ 8ರ ಭಾನುವಾರ ಬೆಳಗ್ಗೆ 9:30ಕ್ಕೆ 2026ರ ಫಾರ್ಮುಲಾ ಒನ್ ಸೀಸನ್‌ನ ಮೊದಲ ರೇಸು. ಮೆಲ್ಬರ್ನ್‌ನಲ್ಲಿ ಆಗ ಮಧ್ಯಾಹ್ನ 3 ಗಂಟೆ, ನಮಗೆ ನಾಷ್ಟಾ ಹೊತ್ತು. ಡಿಸೆಂಬರ್ 7ಕ್ಕೆ ಅಬುಧಾಬಿಯಲ್ಲಿ ಹೋದ ಸೀಸನ್ ಮುಗಿಯಿತು. ಅಲ್ಲಿಂದ ಇಲ್ಲಿಯ ತನಕ ನಮ್ಮಂಥವರಿಗೆ ಭಾನುವಾರಗಳೆಲ್ಲ ಖಾಲಿ ಖಾಲಿ. ಈಗ ದಿನ ಹತ್ತಿರ ಬಂದಿದೆ. ಕಲಬುರಗಿಯಲ್ಲಿ ಕೂತು ಇದನ್ನು ಎಲ್ಲಿ ನೋಡೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರಿಗೆ ನನ್ನ ಉತ್ತರ ಒಂದೇ: ಮೇಲಿನ ಹಾಲ್.

ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಹೋಗುವಾಗ ಸಿಗುವ ಒಂದು ಒಳ ಓಣಿ. ಅಲ್ಲಿ ಒಂದು ಟಿಫಿನ್ ಸೆಂಟರ್. ಬೋರ್ಡಿನ ಮೇಲೆ ಬರೀ ‘ಟಿಫಿನ್ ಸೆಂಟರ್’ ಅಂತಷ್ಟೇ ಇದೆ, ಬೇರೆ ಹೆಸರಿಲ್ಲ. ಕೆಳಗೆ ನಾಷ್ಟಾ, ಚಾ. ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಪತ್ರಾ ಹೊದಿಸಿದ ಉದ್ದನೆಯ ಹಾಲ್. ಮೊದಲು ಅದು ಸಾಮಾನು ಇಡುವ ಜಾಗ ಆಗಿತ್ತು. ಮಾಲೀಕರಿಗೆ ರೇಸಿನ ಹುಚ್ಚು. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಕುರ್ಚಿ ಹಾಕಿಸಿದರು. ಹೋದ ಸೀಸನ್ನಿನ ಹೆಚ್ಚಿನ ರೇಸುಗಳನ್ನು ನಾನು ಇಲ್ಲೇ ಕೂತು ನೋಡಿದ್ದೇನೆ. ಆದ್ದರಿಂದ ಒಂದು ದಿನ ಹೋಗಿ ಬಂದು ಬರೆಯುತ್ತಿರುವ ಮಾತಲ್ಲ ಇದು.

ಊರಲ್ಲಿ ದೊಡ್ಡ ಟಿವಿ ಇರುವ ಹೋಟೆಲುಗಳು ಬೇಕಾದಷ್ಟಿವೆ. ಕ್ರಿಕೆಟ್ ಇದ್ದ ದಿನ ಎಲ್ಲ ಕಡೆ ಹಚ್ಚುತ್ತಾರೆ. ಆದರೆ ರೇಸಿಗೆ ಬರೀ ದೊಡ್ಡ ಟಿವಿ ಸಾಲದು. ಕ್ರಿಕೆಟ್‌ನಲ್ಲಿ ಸ್ಕೋರು ಪರದೆಯ ಮೂಲೆಯಲ್ಲೇ ಇರುತ್ತದೆ, ಒಂದು ಕಣ್ಣು ಹಾಯಿಸಿದರೆ ಆಟ ಎಲ್ಲಿದೆ ಗೊತ್ತಾಗುತ್ತದೆ. ರೇಸಿನಲ್ಲಿ ಕ್ಯಾಮೆರಾ ಒಂದು ಹೊತ್ತಿಗೆ ಒಂದೆರಡು ಕಾರುಗಳನ್ನು ತೋರಿಸುತ್ತದೆ. ಈ ವರ್ಷ ಓಡುವುದು 22 ಕಾರು. ಉಳಿದ ಇಪ್ಪತ್ತು ಏನು ಮಾಡುತ್ತಿವೆ? ಯಾರು ಯಾರಿಗೆ ಹತ್ತಿರ ಬಂದರು? ಯಾರ ಟೈರು ಸೋತಿತು? ಅದೆಲ್ಲ ಇರುವುದು ಟೈಮಿಂಗ್ ಪಟ್ಟಿಯಲ್ಲಿ. ಮೇಲಿನ ಹಾಲ್‌ನಲ್ಲಿ ಎರಡು ಪರದೆ ಇವೆ. ಬಲಗಡೆ ದೊಡ್ಡದರಲ್ಲಿ ರೇಸು. ಎಡಗಡೆ ಸ್ವಲ್ಪ ಸಣ್ಣದರಲ್ಲಿ ರೇಸು ಮುಗಿಯುವ ತನಕ ಟೈಮಿಂಗ್. ಊರಲ್ಲಿ ಬೇರೆ ಎಲ್ಲೂ ನಾನು ಇದನ್ನು ನೋಡಿಲ್ಲ. ನನಗೆ ಈ ಜಾಗ ಮೆಚ್ಚುಗೆ ಆಗಿದ್ದಕ್ಕೆ ಮೊದಲ ಕಾರಣ ಇದೇ. ಈ ವರ್ಷದ ಮಟ್ಟಿಗಂತೂ ಆ ಎರಡನೇ ಪರದೆ ಇಲ್ಲದೆ ರೇಸು ಅರ್ಧ ಮಾತ್ರ ಅರ್ಥ ಆಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ. ನನ್ನ ಕೆಲಸ ಮೋಟರ್ ರಿವೈಂಡಿಂಗ್. ಸೇಡಂ ರೋಡ್ ಕಡೆ ನಮ್ಮ ಅಂಗಡಿ. ಹೊಲದ ಪಂಪು, ಹಿಟ್ಟಿನ ಗಿರಣಿ, ದಾಲ್ ಮಿಲ್ಲು, ಎಲ್ಲಿಯ ಮೋಟರ್ ಸುಟ್ಟರೂ ನಮ್ಮಲ್ಲಿಗೆ ಬರುತ್ತದೆ. ಹಳೇ ಕಾಯಿಲ್ ತೆಗೆದು ಹೊಸ ತಂತಿ ಸುತ್ತಿ ವಾರ್ನಿಷ್ ಹಾಕಿ ಕೊಡುತ್ತೇವೆ. ಹಾಗಾಗಿ ಈ ವರ್ಷದ ಹೊಸ ನಿಯಮ ಓದಿದಾಗ ನನಗೆ ನಿದ್ದೆ ಹತ್ತಲಿಲ್ಲ. ಹೋದ ವರ್ಷದ ತನಕ ಕಾರಿನ ಎಲೆಕ್ಟ್ರಿಕ್ ಮೋಟರ್ ಕೊಡುತ್ತಿದ್ದದ್ದು 120 ಕಿಲೋವ್ಯಾಟ್. ಈ ವರ್ಷ 350. ಎಚ್‌ಪಿ ಲೆಕ್ಕದಲ್ಲಿ ಸುಮಾರು 470. ನನ್ನ ಅಂಗಡಿಗೆ ಬರುವ ಹೊಲದ ಪಂಪ್ ಮೋಟರ್ ಸಾಮಾನ್ಯವಾಗಿ 5 ಎಚ್‌ಪಿ. ಅಂಥವು ತೊಂಬತ್ತಕ್ಕೂ ಜಾಸ್ತಿ ಸೇರಿದರೆ ಆಗುವ ತಾಕತ್ತು ಒಂದೇ ಮೋಟರಿನಲ್ಲಿ, ಅದೂ ಕಾರಿನೊಳಗೆ ಕೂರುವ ಸೈಜಿನಲ್ಲಿ. ಪೆಟ್ರೋಲ್ ಎಂಜಿನ್ ಕೊಡುವುದು ಸುಮಾರು 400 ಕಿಲೋವ್ಯಾಟ್. ಅಂದರೆ ಹೆಚ್ಚುಕಡಿಮೆ ಅರ್ಧ ಎಂಜಿನ್, ಅರ್ಧ ಕರೆಂಟು.

ಆದರೆ ಬ್ಯಾಟರಿ ನೋಡಿ. ಒಂದು ಸಲಕ್ಕೆ ಬಳಸಲು ಸಿಗುವುದು 4 ಮೆಗಾಜೂಲ್. ನಮ್ಮ ಮನೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್‌ಗಿಂತ ಚೂರು ಜಾಸ್ತಿ, ಅಷ್ಟೇ. 350 ಕಿಲೋವ್ಯಾಟ್ ಪೂರಾ ಎಳೆದರೆ ಹನ್ನೊಂದು ಸೆಕೆಂಡ್ ಚಿಲ್ಲರೆಯಲ್ಲಿ ಖಾಲಿ. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ ಒಂದು ಸುತ್ತು ಅಂದರೆ 5.278 ಕಿಲೋಮೀಟರ್, ಒಂದೂಕಾಲು ನಿಮಿಷಕ್ಕಿಂತ ಜಾಸ್ತಿ ಹೊತ್ತು. ಉಳಿದ ಹೊತ್ತೆಲ್ಲ ಬ್ರೇಕ್ ಹಿಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಬ್ಯಾಟರಿ ತುಂಬಿಕೊಳ್ಳಬೇಕು. ಆಲ್ಬರ್ಟ್ ಪಾರ್ಕ್ ಕೆರೆಯ ಸುತ್ತ ಇರುವ ಪಾರ್ಕಿನ ರಸ್ತೆ. ವೇಗದ ತಿರುವು ಜಾಸ್ತಿ, ಜೋರಾಗಿ ಬ್ರೇಕ್ ಹಿಡಿಯುವ ತಿರುವು ಕಡಿಮೆ. ಬ್ಯಾಟರಿ ತುಂಬುವ ಅವಕಾಶವೂ ಅಷ್ಟೇ ಕಡಿಮೆ. ಇಂಥ ಟ್ರ್ಯಾಕ್‌ನಲ್ಲೇ ಹೊಸ ಕಾರುಗಳ ಮೊದಲ ಪರೀಕ್ಷೆ. ಹಾಗಾದರೆ ಕರೆಂಟನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು? ರೇಸು ನಿಂತಿರುವುದು ಆ ಲೆಕ್ಕದ ಮೇಲೆ. ಒಬ್ಬ ಡ್ರೈವರ್ ಇದ್ದಕ್ಕಿದ್ದಂತೆ ಅರ್ಧ ಸೆಕೆಂಡ್ ನಿಧಾನ ಆದರೆ ಚಿತ್ರ ನೋಡಿದವರಿಗೆ ಅವನು ತಪ್ಪು ಮಾಡಿದ ಅನ್ನಿಸುತ್ತದೆ. ಟೈಮಿಂಗ್ ನೋಡುವವರಿಗೆ ಅವನು ಮುಂದಿನ ಸುತ್ತಿಗೆ ಕರೆಂಟ್ ಕೂಡಿಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಡಿಆರ್‌ಎಸ್ (ಮುಂದಿನ ಕಾರಿಗೆ ಹತ್ತಿರ ಬಂದವನು ನೇರ ರಸ್ತೆಯಲ್ಲಿ ಹಿಂದಿನ ರೆಕ್ಕೆ ತೆರೆದು ಗಾಳಿಯ ತಡೆ ಕಡಿಮೆ ಮಾಡಿಕೊಳ್ಳುವ ಸೌಲಭ್ಯ) ಈ ವರ್ಷದಿಂದ ಇಲ್ಲ. ನೇರ ರಸ್ತೆಯಲ್ಲಿ ಎಲ್ಲ ಕಾರುಗಳೂ ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ ಎರಡನ್ನೂ ಮಲಗಿಸಬಹುದು. ಹಾಗಾದರೆ ಹಿಂದಿನವನಿಗೆ ಲಾಭ ಏನು? ಮುಂದಿನ ಕಾರಿಗೆ ಒಂದು ಸೆಕೆಂಡ್ ಒಳಗೆ ಬಂದರೆ ಅವನಿಗೆ ‘ಓವರ್‌ಟೇಕ್ ಮೋಡ್’ ಸಿಗುತ್ತದೆ. ವೇಗ ಏರಿದಂತೆ ಮುಂದಿನವನ ಮೋಟರಿನ ತಾಕತ್ತು ಇಳಿಯುತ್ತಾ ಹೋಗುತ್ತದೆ, ಹಿಂದಿನವನದು ಇನ್ನೂ ಹೆಚ್ಚಿನ ವೇಗದವರೆಗೆ ಪೂರಾ ಇರುತ್ತದೆ. ಈ ಒಂದು ಸೆಕೆಂಡ್ ಕಣ್ಣಿಗೆ ಕಾಣುವುದಿಲ್ಲ. 0.9 ಮತ್ತು 1.1 ಪರದೆ ಮೇಲೆ ಒಂದೇ ಥರ ಕಾಣುತ್ತವೆ. ಎಡಗಡೆ ಪಟ್ಟಿಯಲ್ಲಿ ಅಂತರ ಒಂದರ ಕೆಳಗೆ ಇಳಿದ ಕ್ಷಣ ಮೇಲಿನ ಹಾಲ್‌ನಲ್ಲಿ ಒಂದು ಕೂಗು ಏಳುತ್ತದೆ. ಡಿಆರ್‌ಎಸ್‌ಗೂ ಇದೇ ಒಂದು ಸೆಕೆಂಡ್ ಲೆಕ್ಕ ಇತ್ತಲ್ವಾ, ಅಲ್ಲಿಯ ಜನಕ್ಕೆ ಆ ರೂಢಿ ಬಿದ್ದಿದೆ. ಕ್ಯಾಮೆರಾ ಅತ್ತ ತಿರುಗುವ ಮೊದಲೇ ಹಾಲ್ ತಿರುಗಿರುತ್ತದೆ.

ಟೈಮಿಂಗ್ ಪರದೆಯನ್ನು ನೋಡಿಕೊಳ್ಳುವುದು ಮಾಲೀಕರ ಮಗಳು. ಇಂಜಿನಿಯರಿಂಗ್ ಓದುತ್ತಾಳೆ. ಇದರಲ್ಲಿ ಒಂದು ತೊಂದರೆ ಇದೆ, ಮನೆಯಲ್ಲಿ ಮಾಡಿ ನೋಡಿದವರಿಗೆ ಗೊತ್ತು. ಟೈಮಿಂಗ್ ಬೇಗ ಬರುತ್ತದೆ, ವಿಡಿಯೊ ತಡವಾಗಿ ಬರುತ್ತದೆ. ಓವರ್‌ಟೇಕ್ ಆಗುವ ಮೊದಲೇ ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಆಗಿಬಿಟ್ಟಿರುತ್ತದೆ. ಅವಳು ಪ್ರತಿ ಸಲ ರೇಸಿಗೆ ಮೊದಲು ಎರಡರ ನಡುವಿನ ಅಂತರ ಅಳೆದು, ಟೈಮಿಂಗನ್ನು ಅಷ್ಟೇ ಸೆಕೆಂಡ್ ತಡ ಮಾಡಿ ಹಚ್ಚುತ್ತಾಳೆ. ವಿಡಿಯೊ ನಡುವೆ ನಿಂತು ಮತ್ತೆ ಶುರುವಾದರೆ ಮತ್ತೆ ಅಳೆಯುತ್ತಾಳೆ. ಯಾರೂ ಹೇಳಬೇಕಾಗಿಲ್ಲ. ನನ್ನ ಅಕ್ಕನ ಮಗಳು ಒಮ್ಮೆ ಜೊತೆಗೆ ಬಂದಿದ್ದಳು, ಇದನ್ನು ನೋಡಿ “ಮಾಮಾ, ನಾನೂ ಆ ಕುರ್ಚಿ ಪಕ್ಕ ಕುಂದರ್ತೀನಿ” ಅಂದಳು. ಈಗ ಕ್ವಾಲಿಫೈಯಿಂಗ್ ದಿನ, ಅಂದರೆ ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನ ಆಗುವ ದಿನ, ಇಬ್ಬರೂ ಸೇರಿ ಪಟ್ಟಿ ನೋಡುತ್ತಾರೆ. ಈ ವರ್ಷ 22 ಕಾರು ಅಂದರೆ ಅದರ ಮೊದಲ ಎರಡು ಹಂತದಲ್ಲಿ ಆರಾರು ಜನ ಹೊರಗೆ, ಕೊನೆಗೆ ಹತ್ತು. ಅದನ್ನು ಹಲಗೆ ಮೇಲೆ ಈಗಾಗಲೇ ಬರೆದಿಟ್ಟಿದ್ದಾರೆ.

ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಕೂರುವ ಜಾಗ ಅನ್ನುವುದನ್ನು ಇಲ್ಲೇ ಹೇಳಬೇಕು. ಸಿಗರೇಟು, ಬೈಗುಳ ಎರಡೂ ಮೇಲೆ ನಡೆಯುವುದಿಲ್ಲ. ಮಾಲೀಕರು ಎದ್ದು ಬಂದು ನೇರವಾಗಿ “ಕೆಳಗ್ ನಡೀರಿ” ಅನ್ನುತ್ತಾರೆ, ಯಾರೇ ಇರಲಿ.

ಸೌಂಡ್ ಚೆನ್ನಾಗಿದೆ. ಎರಡು ಸ್ಪೀಕರ್ ಮುಂದೆ, ಎರಡು ಹಿಂದೆ. ಕಾಮೆಂಟರಿ ಇಂಗ್ಲಿಷ್. ಅದು ಪೂರಾ ತಿಳಿಯದವರಿಗೆ ಮುಂದಿನ ಸಾಲಿನಲ್ಲಿ ಕೂರುವ ನಿವೃತ್ತ ಗಣಿತ ಮಾಸ್ತರು ಇದ್ದಾರೆ. ಟೀಮ್ ರೇಡಿಯೊದಲ್ಲಿ ಏನಂದರು, ಟೈರು ಬದಲಿಸುವ ಪಿಟ್‌ಗೆ ಈಗ ಯಾಕೆ ಕರೆದರು, ಎಲ್ಲವನ್ನೂ ಎರಡೇ ಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತಾರೆ. ಹೆಚ್ಚು ಇಲ್ಲ, ಕಡಿಮೆ ಇಲ್ಲ. ಮೊದಲ ಸುತ್ತು ಮುಗಿಯುವ ತನಕ ಮಾತ್ರ ಅವರೂ ಮಾತಾಡುವುದಿಲ್ಲ, ಬೇರೆ ಯಾರೂ ಮಾತಾಡುವ ಹಾಗಿಲ್ಲ. ಈ ಕಟ್ಟಳೆ ನನಗೆ ತುಂಬಾ ಇಷ್ಟ.

ಮೊದಲ ರೇಸನ್ನು ಜನರ ನಡುವೆ ನೋಡಬೇಕು ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಅಂದರೆ, ಹೋದ ವರ್ಷದ ಮೆಲ್ಬರ್ನ್ ರೇಸು. ಮಳೆ. ರೇಸು ಶುರು ಆಗುವ ಮೊದಲೇ, ಸಾಲಾಗಿ ನಿಲ್ಲುವ ಮುಂಚಿನ ಸುತ್ತಿನಲ್ಲಿ (ಫಾರ್ಮೇಶನ್ ಲ್ಯಾಪ್) ಇಸಾಕ್ ಹಜಾರ್ ಕಾರು ಜಾರಿ ಗೋಡೆಗೆ ಬಡಿಯಿತು. ಅವನ ಮೊಟ್ಟ ಮೊದಲ ರೇಸು ಅದು. ಹೆಲ್ಮೆಟ್ ತೆಗೆಯದೆ ಅಳುತ್ತಾ ನಡೆದು ಬಂದ ಹುಡುಗನನ್ನು ಲೂಯಿಸ್ ಹ್ಯಾಮಿಲ್ಟನ್ ಅವರ ತಂದೆ ಆಂಥೊನಿ ಹ್ಯಾಮಿಲ್ಟನ್ ತಬ್ಬಿಕೊಂಡು ಸಮಾಧಾನ ಮಾಡಿದರು. ಹಾಲ್‌ನಲ್ಲಿ ಯಾರೂ ಯಾವ ತಂಡ ಅಂತ ನೋಡಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆಸ್ಕರ್ ಪಿಯಾಸ್ಟ್ರಿ ತನ್ನ ಹುಟ್ಟೂರಿನಲ್ಲೇ ಹುಲ್ಲಿನ ಮೇಲೆ ಜಾರಿ ಎರಡನೇ ಸ್ಥಾನ ಕಳೆದುಕೊಂಡು, ಕೊನೆಗೆ ಒಂಬತ್ತನೆಯವನಾದ. ಲ್ಯಾಂಡೊ ನಾರಿಸ್ ಗೆದ್ದ. ಆ ದಿನ ಗೆದ್ದ 25 ಅಂಕಕ್ಕೆ ಎಷ್ಟು ಬೆಲೆ ಅಂತ ಡಿಸೆಂಬರ್‌ನಲ್ಲಿ ಗೊತ್ತಾಯಿತು. ನಾರಿಸ್ 423, ವೆರ್ಸ್ಟಪ್ಪನ್ 421. ಎರಡೇ ಅಂಕದಲ್ಲಿ ಚಾಂಪಿಯನ್. ಮೊದಲ ರೇಸು ಸುಮ್ನೆ ಶುರುವಾತು ಅಂತ ಬಿಡುವವರು ಈ ಲೆಕ್ಕ ನೆನಪಿಡಲಿ. ಅದೇ ಹಜಾರ್ ಈ ವರ್ಷ ರೆಡ್ ಬುಲ್‌ನಲ್ಲಿ ವೆರ್ಸ್ಟಪ್ಪನ್ ಜೊತೆಗಾರ. ಅವನು ಮೆಲ್ಬರ್ನ್‌ನಲ್ಲಿ ಹೊರಡುವ ಸಾಲಿಗೆ (ಗ್ರಿಡ್) ಬಂದು ನಿಲ್ಲುವುದನ್ನು ನೋಡಲು ನಾನು ಕಾಯುತ್ತಿದ್ದೇನೆ.

ನಿಯಮ ಬದಲಾದ ವರ್ಷದ ಮೆಲ್ಬರ್ನ್ ರೇಸು ಅಂದರೆ ಬೇರೆಯೇ ರುಚಿ. ಮಾಸ್ತರಿಗೂ ನನಗೂ ಇದರ ಮೇಲೆ ಮಾತು ಮುಗಿಯುವುದೇ ಇಲ್ಲ. 2008ರ ಡಿಸೆಂಬರ್‌ನಲ್ಲಿ ಹೋಂಡಾ ತಂಡ ಬಾಗಿಲು ಹಾಕಿತು. ಅದನ್ನೇ ಅದರ ಮುಖ್ಯಸ್ಥ ರಾಸ್ ಬ್ರಾನ್ ತಮ್ಮ ಹೆಸರಿನಲ್ಲಿ ಎತ್ತಿ ನಿಲ್ಲಿಸಿದರು. 2009ರ ಮೆಲ್ಬರ್ನ್‌ನಲ್ಲಿ ಬ್ರಾನ್ ಕಾರುಗಳೇ ಮೊದಲನೆಯದು, ಎರಡನೆಯದು: ಜೆನ್ಸನ್ ಬಟನ್, ರೂಬೆನ್ಸ್ ಬ್ಯಾರಿಕೆಲ್ಲೊ. ಆ ವರ್ಷ ಬಟನ್ ಚಾಂಪಿಯನ್. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದಾಗಲೂ ಮೊದಲ ರೇಸು ಅಲ್ಲೇ. ನಿಕೊ ರೋಸ್‌ಬರ್ಗ್ ಗೆದ್ದ, ಹ್ಯಾಮಿಲ್ಟನ್ ಮತ್ತು ವೆಟೆಲ್ ಇಬ್ಬರ ಕಾರೂ ನಿಂತವು. ಎರಡನೇ ಬಂದ ಡೇನಿಯಲ್ ರಿಕಿಯಾರ್ಡೊನನ್ನು ಇಂಧನದ ಹರಿವಿನ ನಿಯಮ ಮೀರಿದ್ದಕ್ಕೆ ಫಲಿತಾಂಶದಿಂದಲೇ ತೆಗೆದರು. ಹೊಸ ನಿಯಮ ಅಂದರೆ ಗಟ್ಟಿ ಅಂದುಕೊಂಡ ಕಾರು ದಾರಿಯಲ್ಲೇ ನಿಲ್ಲಬಹುದು, ಲೆಕ್ಕಕ್ಕೇ ಇಲ್ಲದವರು ಮೇಲೆ ಬರಬಹುದು. ನನಗೆ ಆಲ್ಬರ್ಟ್ ಪಾರ್ಕ್ ಅಂದರೆ ಇನ್ನೂ ಒಂದು ನೆನಪು. 2005ರಲ್ಲಿ ನರೇನ್ ಕಾರ್ತಿಕೇಯನ್ ಜೋರ್ಡನ್ ಕಾರಿನಲ್ಲಿ ಮೊದಲ ಸಲ ಓಡಿಸಿದ್ದು ಅಲ್ಲೇ, ನಮ್ಮ ದೇಶದ ಮೊದಲ ಎಫ್‌ಒನ್ ಡ್ರೈವರ್. ಹದಿನೈದನೇ ಸ್ಥಾನ. ಆಗ ನಾನು ಕೆಲಸ ಕಲಿಯುತ್ತಿದ್ದೆ. ಯಜಮಾನರ ಮನೆಯ ಸಣ್ಣ ಟಿವಿಯಲ್ಲಿ ನೋಡಿದ್ದು. ಈ ಹುಚ್ಚು ಹಿಡಿದದ್ದು ಅವತ್ತೇ.

ಈಗ ನಾಷ್ಟಾ ಮಾತು. ಮೇಲೆ ಕೂರಲು ಬೇರೆ ದುಡ್ಡಿಲ್ಲ, 100 ರೂಪಾಯಿ ಕೂಪನ್ ತಗೊಳ್ಳಬೇಕು. ಅದು ತಿಂಡಿಯ ಲೆಕ್ಕಕ್ಕೇ ವಜಾ. ಸುಸಲಾ ಮತ್ತು ಮಿರ್ಚಿ ಪ್ಲೇಟಿಗೆ 45. ಸುಸಲಾ ಇಲ್ಲಿಯ ಕೈಗುಣ. ಚುರುಮುರಿ ನೆನೆಸಿ ಹಿಂಡಿದ ಹದ ಸರಿ ಇರುತ್ತದೆ, ಮುದ್ದೆ ಆಗಿರುವುದಿಲ್ಲ. ಈರುಳ್ಳಿ ಬೆಂದಿರುತ್ತದೆ ಆದರೆ ಕರಗಿರುವುದಿಲ್ಲ. ಮೇಲೆ ಪುಟಾಣಿ ಪುಡಿ, ಕೊತ್ತಂಬರಿ, ಲಿಂಬೆ. ಹುಳಿ ಮುಂದೆ, ಖಾರ ಹಿಂದೆ. ಮಿರ್ಚಿ ಮಾತ್ರ ಬಿಸಿ ಇದ್ದಾಗ ತಿನ್ನಬೇಕು. ರೇಸಿನ ದಿನ ಒಂದೇ ಬಾಣಲೆಯಲ್ಲಿ ಕೆಳಗಿನ ಗಿರಾಕಿ, ಮೇಲಿನ ಗಿರಾಕಿ ಇಬ್ಬರಿಗೂ ಕರಿಯಬೇಕು. 9:30ರ ಹೊತ್ತಿಗೆ ಆರ್ಡರ್ ಕೊಟ್ಟರೆ ಹತ್ತನೇ ಸುತ್ತಿಗೆ ಬರುತ್ತದೆ, ಅದೂ ತಣ್ಣಗೆ. 9ಕ್ಕೇ ಹೇಳಿ ತಿಂದು ಮುಗಿಸಿ. ಪೂರಿ ಸಾಧಾರಣ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಚಾ ಚೆನ್ನಾಗಿದೆ, ಶುಂಠಿ ಜಾಸ್ತಿ. ಭಾನುವಾರ ರೇಸು ಮುಗಿದ ಮೇಲೆ ಕೆಳಗೆ ತಹರಿ ಸಿಗುತ್ತದೆ. ಅದಕ್ಕಾಗಿ ಕಾದು ಕೂರಬಹುದು, ಅಷ್ಟು ಚೆನ್ನಾಗಿರುತ್ತದೆ.

ಕೊರತೆಗಳು ಇವೆ. ದೊಡ್ಡದು ಬಿಸಿಲು. ಮೇಲೆ ಪತ್ರಾ, ಕೆಳಗೆ ಒಲೆ, ಹೊರಗೆ ಕಲಬುರಗಿಯ ಮಾರ್ಚ್. ಬೆಳಗಿನ ರೇಸಿಗೆ ಹೇಗೋ ನಡೆಯುತ್ತದೆ, ಹನ್ನೊಂದರ ನಂತರ ಬೆನ್ನು ಕುರ್ಚಿಗೆ ಅಂಟುತ್ತದೆ. ಎರಡು ಕೂಲರ್ ಇವೆ, ಆದರೆ ಹಚ್ಚಿದರೆ ಕಾಮೆಂಟರಿ ಕೇಳಿಸುವುದಿಲ್ಲ. ಒಂದರ ಫ್ಯಾನ್ ಮೋಟರಿನ ಬೇರಿಂಗ್ ಹೋಗಿದೆ, ಸದ್ದಿಗೇ ಗೊತ್ತಾಗುತ್ತದೆ. ರೇಸಿಗೆ ಮೊದಲು ನಮ್ಮ ಅಂಗಡಿಗೆ ಕಳಿಸಿ ಅಂತ ಮಾಲೀಕರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ಆದರೆ ನಿಜವಾಗಿ ಬೇಕಾಗಿರುವುದು ಪತ್ರಾ ಕೆಳಗೆ ಥರ್ಮೊಕೋಲ್ ಸೀಲಿಂಗ್. ಮುಂದಿನ ವಾರವೇ ಚೀನಾ ರೇಸು ಇದೆ, ಶಾಂಘೈಯಲ್ಲಿ, ನಮಗೆ ಮಧ್ಯಾಹ್ನ 12:30ಕ್ಕೆ. ಸೀಲಿಂಗ್ ಇಲ್ಲದೆ ಆ ಹೊತ್ತಿನಲ್ಲಿ ವಯಸ್ಸಾದವರು ಅಲ್ಲಿ ಕೂರುವುದು ಕಷ್ಟ.

ಮೆಟ್ಟಿಲು ಕಡಿದಾಗಿವೆ, ಒಂದು ಕಡೆ ಹಿಡಿಕೆ ಇಲ್ಲ. ಮಾಸ್ತರನ್ನು ಪ್ರತಿ ಸಲ ಯಾರಾದರೂ ಕೈ ಹಿಡಿದು ಹತ್ತಿಸಬೇಕು. ಒಂದು ಪೈಪು ವೆಲ್ಡ್ ಮಾಡಿಸಿದರೆ ಮುಗಿಯಿತು, ಅದನ್ನು ಇನ್ನೂ ಮಾಡಿಲ್ಲ. ಈ ಒಂದು ವಿಷಯದಲ್ಲಿ ನನಗೆ ಮಾಲೀಕರ ಮೇಲೆ ಸಿಟ್ಟು ಇದೆ, ಮುಖಕ್ಕೇ ಹೇಳಿದ್ದೇನೆ.

ಹೋದ ವರ್ಷ ಒಂದು ರೇಸಿನ ಕೊನೆಯ ಸುತ್ತುಗಳಲ್ಲಿ ಓಣಿಯ ನೆಟ್ ಲೈನ್ ಹೋಯಿತು. ಹಾಲ್ ತುಂಬಾ ಜನ, ಪರದೆ ಮೇಲೆ ತಿರುಗುವ ಚಕ್ರ. ಆಮೇಲೆ ಮಾಲೀಕರು ಇನ್ನೊಂದು ಲೈನ್ ಹಾಕಿಸಿದರು. ಒಂದು ಹೋದರೆ ಇನ್ನೊಂದಕ್ಕೆ ತಾನೇ ಬದಲಾಗುತ್ತದೆ. ಇನ್ವರ್ಟರ್ ಮೇಲೆ ಎರಡೂ ಟಿವಿ, ರೂಟರ್, ಸ್ಪೀಕರ್ ಇವೆ. ಕೂಲರ್ ಇಲ್ಲ, ಬೇಡ ಅಂತ ನಾನೇ ಹೇಳಿದ್ದೆ. ಆ ಲೋಡ್ ಹಾಕಿದರೆ ಬ್ಯಾಟರಿ ರೇಸು ಮುಗಿಯುವ ತನಕ ಬರುವುದಿಲ್ಲ. ಫೆಬ್ರವರಿಯಲ್ಲಿ ಬಹ್ರೇನ್‌ನಲ್ಲಿ ಹೊಸ ಕಾರುಗಳ ಟೆಸ್ಟ್ ಓಟ ನಡೆದಾಗ ಮಾಲೀಕರು ಬೇಕಂತಲೇ ಮೇನ್ ಸ್ವಿಚ್ ಆಫ್ ಮಾಡಿ ನೋಡಿದರು. ಪರದೆ ಮಿಣುಕಲಿಲ್ಲ. ಇಂಥ ತಯಾರಿ ಮಾಡಿಕೊಳ್ಳುವವರ ಮೇಲೆ ನಂಬಿಕೆ ಬರುತ್ತದೆ.

ಗಾಡಿ ನಿಲ್ಲಿಸಲು ಜಾಗ ಇಲ್ಲ. ಓಣಿಯಲ್ಲಿ ಬೈಕ್ ಹಿಡಿಸುತ್ತವೆ, ಕಾರು ತರಬೇಡಿ. ಈ ಸಲ ಇನ್ನೂ ಒಂದು ಕಾರಣ ಇದೆ. ಹೋಳಿ ಆದ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಹಾಗಾಗಿ ಅಪ್ಪನ ಜಾತ್ರೆಯ ಗದ್ದಲ ಮತ್ತು ರೇಸಿನ ವಾರ ಒಟ್ಟಿಗೇ ಬಂದಿವೆ. ಊರಿನ ಸುತ್ತಮುತ್ತಲಿಂದ ಜನ ಬರುತ್ತಾರೆ, ಗುಡಿ ಕಡೆಯ ರಸ್ತೆಗಳು ತುಂಬಿರುತ್ತವೆ. ಆ ಕಡೆಯಿಂದ ಬರುವವರು ಅರ್ಧ ಗಂಟೆ ಮೊದಲೇ ಹೊರಡಿ. ರೇಸು 58 ಸುತ್ತು, ನಡುವೆ ನಿಲ್ಲದೆ ನಡೆದರೆ ಹನ್ನೊಂದೂಕಾಲಿನ ಒಳಗೆ ಮುಗಿಯುತ್ತದೆ. ಜಾತ್ರೆಗೆ ಹೋಗುವವರಿಗೆ ಇಡೀ ಮಧ್ಯಾಹ್ನ ಇದೆ.

ಹಾಲ್‌ನ ಹಿಂದಿನ ಗೋಡೆ ಮೇಲೆ ಕಪ್ಪು ಹಲಗೆ ಇದೆ. ಮೊದಲ ಮೂರು ಯಾರು ಅಂತ ಪ್ರತಿಯೊಬ್ಬರೂ ಸೀಮೆಸುಣ್ಣದಲ್ಲಿ ಬರೆಯಬೇಕು. ಸರಿ ಬರೆದವರಿಗೆ ಮುಂದಿನ ರೇಸಿನ ನಾಷ್ಟಾ ಮಾಲೀಕರ ಕಡೆಯಿಂದ. ಹಲಗೆ ಈಗಲೇ ಅರ್ಧ ತುಂಬಿದೆ. ಫೆರಾರಿ ಬಣ ದೊಡ್ಡದು. ಆ ತಂಡದ ಹ್ಯಾಮಿಲ್ಟನ್ ಹೋದ ವರ್ಷ ಶಾಂಘೈ ಸ್ಪ್ರಿಂಟ್ (ಶನಿವಾರದ ಸಣ್ಣ ರೇಸು) ಗೆದ್ದರೂ ಒಂದು ಮುಖ್ಯ ರೇಸಿನಲ್ಲೂ ಪೋಡಿಯಂ ಹತ್ತಲಿಲ್ಲ, ಅಂದರೆ ಮೊದಲ ಮೂರರಲ್ಲಿ ಬರಲಿಲ್ಲ. ಈ ವರ್ಷ ಹೊಸ ಕಾರು, ಲೆಕ್ಕ ಚುಕ್ತಾ ಆಗುತ್ತದೆ ಅನ್ನುವ ಆಸೆ ಅವರದು. ವೆರ್ಸ್ಟಪ್ಪನ್ ಕಡೆಯವರು ಹಲಗೆ ಮೇಲೆ ಹೆಸರೂ ಬರೆದಿಲ್ಲ, ಬರೀ 3 ಅಂತ ಬರೆದಿದ್ದಾರೆ. ಈ ವರ್ಷದಿಂದ ಅವನ ನಂಬರ್ ಅದು, 1 ಈಗ ನಾರಿಸ್ ಕಾರಿನ ಮೇಲೆ. ಅಕ್ಕನ ಮಗಳು ರೇಸಿಂಗ್ ಬುಲ್ಸ್‌ನ ಹೊಸ ಹುಡುಗ ಅರ್ವಿದ್ ಲಿಂಡ್‌ಬ್ಲಾಡ್ ಕಡೆ. ಅವನ ತಾಯಿಯ ಮನೆತನ ಭಾರತದ್ದು ಅನ್ನುವುದು ಅವಳಿಗೆ ಸಾಕು. ಮಾಸ್ತರು ಕ್ಯಾಡಿಲ್ಯಾಕ್ ಬರೆದಿದ್ದಾರೆ, ಹನ್ನೊಂದನೇ ತಂಡ, ಪೆರೆಜ್ ಮತ್ತು ಬೊಟ್ಟಾಸ್. ಗೆಲ್ಲುತ್ತಾರೆ ಅಂತ ಅಲ್ಲ. 2016ರ ನಂತರ ಮೊದಲ ಸಲ 22 ಕಾರು ನಿಲ್ಲುತ್ತಿವೆ, ಹೊಸದಾಗಿ ಬಂದವರ ಹೆಸರು ಹಲಗೆ ಮೇಲೆ ಇರಬೇಕು ಅನ್ನುತ್ತಾರೆ. ನಾನು ರಸೆಲ್, ಲೆಕ್ಲೇರ್, ಪಿಯಾಸ್ಟ್ರಿ ಅಂತ ಬರೆದಿದ್ದೇನೆ. ವಿಶ್ವ ಚಾಂಪಿಯನ್‌ಶಿಪ್ ರೇಸಾಗಿ ನಡೆದ ಆಸ್ಟ್ರೇಲಿಯಾ ಗ್ರ್ಯಾನ್ ಪ್ರೀಯನ್ನು ಆ ದೇಶದ ಡ್ರೈವರ್ ಇದುವರೆಗೆ ಗೆದ್ದಿಲ್ಲ. ಪಿಯಾಸ್ಟ್ರಿಗೆ ಹೋದ ವರ್ಷದ ಆ ಹುಲ್ಲಿನ ನೆನಪು ಅಳಿಸಲು ಒಂದು ಪೋಡಿಯಂ ಆದರೂ ಸಿಗಲಿ.

ಮಾಲೀಕರ ಒಂದು ಒಳ್ಳೆಯ ಗುಣ ಅಂದರೆ ಬರೀ ಭಾನುವಾರದ ರೇಸಿಗೆ ಬಾಗಿಲು ತೆಗೆಯುವುದಲ್ಲ, ಮೂರೂ ದಿನ ತೆಗೆಯುತ್ತಾರೆ. ಶುಕ್ರವಾರ ಮೊದಲ ಪ್ರಾಕ್ಟೀಸ್ ಬೆಳಗ್ಗೆ 7ಕ್ಕೆ, ಎರಡನೆಯದು 10:30ಕ್ಕೆ. ಶನಿವಾರ ಮೂರನೇ ಪ್ರಾಕ್ಟೀಸ್ 7ಕ್ಕೆ, ಕ್ವಾಲಿಫೈಯಿಂಗ್ 10:30ಕ್ಕೆ. ಹೊಸ ಕಾರುಗಳನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಶುಕ್ರವಾರದ 7 ಗಂಟೆಯದು ಬಿಡಬೇಡಿ. ಕಾರು 30 ಕಿಲೋದಷ್ಟು ಹಗುರ ಆಗಿದೆ, 10 ಸೆಂಟಿಮೀಟರ್ ಅಗಲ ಕಡಿಮೆ ಆಗಿದೆ, ಟೈರೂ ಸಣ್ಣದಾಗಿದೆ. ತಿರುವಿನಲ್ಲಿ ಹೇಗೆ ಕೂರುತ್ತದೆ, ನೇರ ರಸ್ತೆಯ ಕೊನೆಯಲ್ಲಿ ಕರೆಂಟ್ ತೀರಿದಾಗ ಎಂಜಿನ್ ಸದ್ದು ಹೇಗೆ ಬದಲಾಗುತ್ತದೆ, ಅದನ್ನೆಲ್ಲ ನಿಧಾನವಾಗಿ ನೋಡಲು, ಕೇಳಲು ಆ ಒಂದು ಗಂಟೆ ಸಿಗುತ್ತದೆ. ಅವತ್ತು ಜನ ಕಡಿಮೆ, ಹವಾ ತಂಪು, ಮಿರ್ಚಿ ಬಿಸಿ. ನಾನು ಅಂಗಡಿ ಬಾಗಿಲು ತೆಗೆಯುವ ಮೊದಲು ಅದನ್ನು ನೋಡಿಕೊಂಡೇ ಹೋಗುತ್ತೇನೆ.

ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ಕೂಡ ಅದೇ ವಾರ ಅಲ್ಲೇ ಶುರು. ಹೋದ ವರ್ಷ ಮೊನಾಕೊ ಸ್ಪ್ರಿಂಟ್ ಗೆದ್ದ ನಮ್ಮ ಬೆಂಗಳೂರಿನ ಕುಶ್ ಮೈನಿ ಇರುವ ಸರಣಿ ಅದು. ಅದನ್ನೂ ಹಚ್ಚಿ ಅಂತ ಕೇಳಿದ್ದೇವೆ, ಹೊತ್ತು ಹೊಂದಿದರೆ ಹಚ್ಚುತ್ತೇನೆ ಅಂದಿದ್ದಾರೆ.

ಭಾನುವಾರಕ್ಕೆ ಬರುವವರು ಶನಿವಾರ ಸಂಜೆಯ ಒಳಗೆ ಕೆಳಗಿನ ಕೌಂಟರಿನಲ್ಲಿ ಕೂಪನ್ ತಗೊಂಡು ಬಿಡಿ. ಫೋನಿನಲ್ಲಿ ಕುರ್ಚಿ ಹಿಡಿದು ಇಡುವುದಿಲ್ಲ. ಕೇಳಿದರೆ ಮೂರನೇ ಸಾಲು, ನಡುವಿನ ಕುರ್ಚಿ ಕೇಳಿ. ಅಲ್ಲಿಂದ ಕತ್ತು ತಿರುಗಿಸದೆ ಎರಡೂ ಪರದೆ ಕಾಣುತ್ತವೆ, ಕೆಟ್ಟ ಕೂಲರ್ ಕೂಡ ದೂರ.